ಮೊಬೈಲ್ ಬಳಗ: ಶುರು ಮಾಡುವ ಮೊದಲು ಕೂತು ಮಾತಾಡೋಣ

(ಮಹಿಳಾ ಒಕ್ಕೂಟದ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



“ಸಿಸ್ಟರ್, ನಮ್ಮ ಎಲ್ಲ ಸಂಘಗಳಿಗೆ ಸೇರಿ ಒಂದು ವಾಟ್ಸ್‌ಆ್ಯಪ್ ಬಳಗ ಬೇಕು” ಎಂದು ನೀವು ಕೇಳುತ್ತಿದ್ದೀರಿ. ಒಳ್ಳೆಯ ಬೇಡಿಕೆ. ಸಭೆಯ ದಿನ ಬದಲಾದರೆ ಮನೆ ಮನೆಗೆ ಹೇಳಿ ಕಳಿಸುವ ಕಷ್ಟ ತಪ್ಪುತ್ತದೆ. ಒಂದೂರಿನ ಹಪ್ಪಳ, ಉಪ್ಪಿನಕಾಯಿಗೆ ಇನ್ನೊಂದೂರಿನಲ್ಲಿ ಗಿರಾಕಿ ಸಿಗುತ್ತಾರೆ.

ಗ್ರೂಪ್ ಮಾಡಲು ಎರಡು ನಿಮಿಷ ಸಾಕು. ಆದರೆ ನಮ್ಮ ಸ್ವಸಹಾಯ ಸಂಘವನ್ನು ಎರಡು ನಿಮಿಷದಲ್ಲಿ ಕಟ್ಟಿದ್ವಾ? ಕೂತು ಮಾತಾಡಿದೆವು, ನಿಯಮ ಬರೆದೆವು, ಪ್ರತಿನಿಧಿಗಳನ್ನು ಆರಿಸಿದೆವು. ಆಮೇಲೆ ಉಳಿತಾಯ ಶುರುವಾಯಿತು. ಇದಕ್ಕೂ ಅದೇ ದಾರಿ.

ಮೊದಲ ಪ್ರಶ್ನೆ: ಯಾರು ಹೊರಗೆ ಉಳಿಯುತ್ತಾರೆ? ಸ್ಮಾರ್ಟ್‌ಫೋನ್ ಇಲ್ಲದವರು, ಓದಲು ಬಾರದವರು, ಗಂಡನ ಅಥವಾ ಮಗನ ಫೋನನ್ನೇ ನಂಬಿದವರು ನಮ್ಮ ನಡುವೆ ಇದ್ದಾರೆ. ಸಾಲದ, ಸವಲತ್ತಿನ ಸುದ್ದಿ ಅವರಿಗೇ ಮೊದಲು ತಲುಪಬೇಕು.

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ರ ದಶಕದ ಆರಂಭದಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಮಾಧ್ಯಮ ಕೇಂದ್ರ ಶುರುವಾಯಿತು. ಸ್ವಯಂಸೇವಾ ಸಂಸ್ಥೆಗಳಿಗೆ ಆಗ ರೇಡಿಯೊ ಪರವಾನಗಿ ಸಿಗುತ್ತಿರಲಿಲ್ಲ. ಅದಕ್ಕೆ ಅವಕಾಶವಾದದ್ದು 2006ರ ನೀತಿಯಿಂದ. ಆದ್ದರಿಂದ ಕೇಬಲ್ ಮೂಲಕ ಮನೆಗಳಿಗೆ ಕಾರ್ಯಕ್ರಮ ಕಳಿಸಿದರು, ಮಹಿಳಾ ಸಂಘದ ಸಭೆಗಳಲ್ಲಿ ಟೇಪ್ ಹಾಕಿ ಕೇಳಿಸಿದರು. ಜನ ಸೇರುವ ಕಡೆಗೇ ಸುದ್ದಿ ಹೋಯಿತು. ನಾವೂ ಹಾಗೇ ಮಾಡಬಹುದು. ಮುಖ್ಯ ಸೂಚನೆಗಳನ್ನು ಧ್ವನಿ ಸಂದೇಶವಾಗಿ ಕಳಿಸೋಣ. ವಾರದ ಸಭೆಯ ಮೊದಲ ಹತ್ತು ನಿಮಿಷ ಅವನ್ನು ಎಲ್ಲರಿಗೂ ಕೇಳಿಸೋಣ. ಫೋನ್ ಇಲ್ಲದ ಪ್ರತಿ ಸದಸ್ಯೆಗೆ ಹೇಳಲು ಪಕ್ಕದ ಮನೆಯ ಒಬ್ಬರು ಜವಾಬ್ದಾರಿ ಹೊರಲಿ.

ಎರಡನೆಯ ಪ್ರಶ್ನೆ: ಅಲ್ಲಿ ಏನು ಹಾಕಬಾರದು? ಕಂತು ಕಟ್ಟದವರ ಹೆಸರು ಬೇಡವೇ ಬೇಡ. ಸಂಘದಲ್ಲಿ ಹದಿನೈದು ಮಂದಿಯ ಮುಂದೆ ಆಡಿದ ಮಾತನ್ನು ನಾವು ಅಲ್ಲೇ ಉಳಿಸಿಕೊಳ್ಳಬಹುದು. ಫೋನಿಗೆ ಹಾಕಿದ್ದು ಒಬ್ಬರ ಕೈಯಿಂದ ಮುಂದೆ ಹೋದರೆ ಊರಿಡೀ ಸುತ್ತುತ್ತದೆ. ಕಂತು ತಪ್ಪಿದ ಹಿಂದೆ ಕಾಯಿಲೆ ಇರಬಹುದು, ಗಂಡನ ಕುಡಿತ ಇರಬಹುದು. ಅದನ್ನು ಮುಖ ನೋಡಿ ಕೇಳಬೇಕು. ಸಾಲದ ತೀರ್ಮಾನ, ಲೆಕ್ಕ, ಜಗಳ ಇವೆಲ್ಲ ಸಭೆಗೇ ಇರಲಿ, ನಡಾವಳಿ ಪುಸ್ತಕದಲ್ಲೇ ಬರೆಯೋಣ.

ಆಧಾರ್, ಪಾಸ್‌ಬುಕ್ ಫೋಟೊ ಹಾಕಬೇಡಿ. ಒಟಿಪಿ, ಪಿನ್ ಯಾರು ಕೇಳಿದರೂ ಕೊಡಬೇಡಿ. “ತಕ್ಷಣ ಸಾಲ” ಎಂಬ ಲಿಂಕ್ ಸಂಘದ ಗೆಳತಿಯೇ ಕಳಿಸಿದ್ದರೂ ಒತ್ತಬೇಡಿ. ಹಣ ಹೋದರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ತಡೆಯುವುದು ಕಷ್ಟ.

ಮೂರನೆಯದು: ನಡೆಸುವವರು ಯಾರು? ಒಂದು ಗ್ರೂಪಿಗೆ 1,024 ಮಂದಿ ಸೇರಬಹುದು. ಆದರೆ ಸಾಮಾನ್ಯ ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಗುರುತಿಲ್ಲದವರಿಂದ ಕರೆ ಬಂದರೆ ಮನೆಯಲ್ಲಿ ಯಾರಿಗೆ ಬೈಗುಳ ಎಂದು ನಿಮಗೇ ಗೊತ್ತು. ವಾಟ್ಸ್‌ಆ್ಯಪ್‌ನಲ್ಲಿ 2022ರಲ್ಲಿ ಬಂದ ‘ಕಮ್ಯುನಿಟಿ’ ವ್ಯವಸ್ಥೆ ನಮಗೆ ಹೆಚ್ಚು ಹೊಂದುತ್ತದೆ. ಅದರಲ್ಲಿ ಒಂದೊಂದು ಸಂಘಕ್ಕೆ ಪ್ರತ್ಯೇಕ ಗ್ರೂಪ್ ಇರುತ್ತದೆ. ಎಲ್ಲರಿಗೂ ಸೇರಿದ ಸೂಚನಾ ಗ್ರೂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಸೂಚನೆ ಹಾಕುತ್ತಾರೆ. ಬೇರೆ ಸಂಘದ ಸದಸ್ಯೆಯರಿಗೆ ನಿಮ್ಮ ನಂಬರ್ ಕಾಣುವುದಿಲ್ಲ, ಅಡ್ಮಿನ್‌ಗಳಿಗೆ ಕಾಣುತ್ತದೆ. ಆದ್ದರಿಂದ ಅಡ್ಮಿನ್ ನಂಬಿಕಸ್ಥರಿರಬೇಕು. ಬೇರೆ ಬೇರೆ ಊರಿನ ಮೂವರು ಇರಲಿ, ವರ್ಷಕ್ಕೊಮ್ಮೆ ಬದಲಾಗಲಿ. ಒಪ್ಪಿಗೆ ಕೇಳದೆ ಯಾರನ್ನೂ ಸೇರಿಸುವುದು ಬೇಡ.

ಒಮ್ಮೆಲೇ ಎಲ್ಲರೂ ಬೇಡ. ಮೊದಲು ಮೂರು ಸಂಘ, ಎರಡು ತಿಂಗಳು ನಡೆಸಿ ನೋಡೋಣ. ದಿನಕ್ಕೆ ಎಷ್ಟು “ಗುಡ್ ಮಾರ್ನಿಂಗ್” ಬಂತು ಎಂದು ಎಣಿಸುವುದಲ್ಲ. ಫೋನೇ ಇಲ್ಲದ ಸಹೋದರಿಗೆ ಸುದ್ದಿ ಸಮಯಕ್ಕೆ ಮುಟ್ಟಿತಾ ಎಂದು ಹೋಗಿ ಕೇಳೋಣ. ಮುಟ್ಟಿದ್ದರೆ ಮುಂದುವರಿಸೋಣ, ಇಲ್ಲದಿದ್ದರೆ ಸರಿಪಡಿಸೋಣ.

ಮುಂದಿನ ವಾರದ ಸಭೆಯಲ್ಲಿ ಈ ಮೂರು ಪ್ರಶ್ನೆಗಳನ್ನು ನಿಮ್ಮ ಸಂಘದ ಮುಂದಿಡಿ. ಕೊನೆಯಲ್ಲಿ ಕೂತು ಮಾತಾಡದೇ ಇರುವವರನ್ನೂ ಕೇಳಿ. ನಿರ್ಣಯ ಬರೆದು, ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ ತನ್ನಿ. ಬಳಗ ಅಲ್ಲಿಂದಲೇ ಶುರುವಾಗಲಿ.