ಪತ್ರಿಕೆಯ ಮಳೆ, ನಮ್ಮ ಹೊಲದ ಮಳೆ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



2023ರ ಸೆಪ್ಟೆಂಬರಿನಲ್ಲಿ ಚಳ್ಳಕೆರೆ ಕಡೆಯ ರೈತರೊಬ್ಬರು ನನ್ನ ಕೊಠಡಿಗೆ ಬಂದು, ಮಡಿಸಿದ ಪತ್ರಿಕೆಯ ತುಂಡೊಂದನ್ನು ಮೇಜಿನ ಮೇಲಿಟ್ಟರು. ಈ ವರ್ಷ ವಾಡಿಕೆಯ ಮಳೆ ಎಂಬುದು ಅದರ ತಲೆಬರಹ. ಅದನ್ನು ನಂಬಿ ಅವರು ನೆರೆಯವರ ನಾಲ್ಕು ಎಕರೆ ಗುತ್ತಿಗೆಗೆ ಹಿಡಿದು, ಸಾಲ ತಂದು ಶೇಂಗಾ ಬಿತ್ತಿದ್ದರು. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. "ಪೇಪರಿನವರು ಸುಳ್ಳು ಬರೆದುಬಿಟ್ಟರು ಸ್ವಾಮಿ" ಎಂದರು.

ಸುದ್ದಿ ಸುಳ್ಳಾಗಿರಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಭಾರತ ಹವಾಮಾನ ಇಲಾಖೆಯು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ದೀರ್ಘಾವಧಿ ಸರಾಸರಿಯ ಶೇ. 96ರಷ್ಟು ಇರುವುದೆಂದೂ, ಇದರಲ್ಲಿ ಶೇ. 5ರಷ್ಟು ಹೆಚ್ಚುಕಡಿಮೆ ಆಗಬಹುದೆಂದೂ ತಿಳಿಸಿತ್ತು. ಸುರಿದದ್ದು ಶೇ. 94. ಲೆಕ್ಕ ತಪ್ಪಲಿಲ್ಲ. ಆದರೆ ಅದೇ ವರ್ಷ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು!

ಇದು ಹೇಗೆಂದರೆ, ಆ ಸರಾಸರಿ ಇಡೀ ದೇಶದ್ದು, ಸುಮಾರು 87 ಸೆಂ.ಮೀ. ಅದರಲ್ಲಿ ಮೇಘಾಲಯದ ಗುಡ್ಡವೂ ಸೇರಿದೆ, ರಾಜಸ್ಥಾನದ ಮರಳೂ ಸೇರಿದೆ. ಮೇಲಾಗಿ ಅದು ನಾಲ್ಕು ತಿಂಗಳ ಒಟ್ಟು ಮೊತ್ತ. ನಡುವೆ ಎಷ್ಟು ದಿನ ಮಳೆ ಬಿಡುವು ಕೊಡುವುದೆಂದು ಅದು ಹೇಳುವುದಿಲ್ಲ. 2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಬೆಳೆಗೆ ಬೇಕಾದದ್ದು ಸಕಾಲದ ಹದ, ವರ್ಷದ ಕೊನೆಯ ಮೊತ್ತವಲ್ಲ.

ಆ ತುಂಡನ್ನು ನಾನು ಬಿಚ್ಚಿ ಪೂರ್ತಿ ಓದಿದೆ. 'ದೇಶಕ್ಕೆ' ಎಂಬ ಮಾತೂ ಶೇ. 5ರ ಮಾತೂ ಕೊನೆಯಲ್ಲಿ, ಮಡಿಕೆಯ ಕೆಳಗೆ ಇದ್ದವು. ತಲೆಬರಹದಲ್ಲಿ ಅವಕ್ಕೆ ಜಾಗವಿರಲಿಲ್ಲ. ಅದೇ ವಾರ ಸ್ಕೈಮೆಟ್ ಎಂಬ ಖಾಸಗಿ ಸಂಸ್ಥೆ ಶೇ. 94 ಎಂದು, ಅಂದರೆ ವಾಡಿಕೆಗಿಂತ ಕಡಿಮೆ ಮಳೆ ಎಂದು ಹೇಳಿತ್ತು. ಅದು ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ.

ನಾವು ವಿಜ್ಞಾನಿಗಳೂ ನಿರ್ದೋಷಿಗಳಲ್ಲ. ಒಮ್ಮೆ ಕೆಂಪು ಭೂಮಿಯ ಬಿತ್ತನೆಯ ಬಗ್ಗೆ ವರದಿಗಾರರೊಬ್ಬರಿಗೆ ಹತ್ತು ನಿಮಿಷ ವಿವರಿಸಿದೆ. ಅಚ್ಚಾದದ್ದು ಒಂದೇ ವಾಕ್ಯ, ಅದೂ ಎಲ್ಲ ಭೂಮಿಗೂ ಅನ್ವಯಿಸುವಂತೆ! ತಿದ್ದುಪಡಿ ಕೇಳಿ ಪತ್ರ ಬರೆಯಬೇಕಿತ್ತು. ನಾನು ಬರೆಯಲಿಲ್ಲ.

ಧಾರಣೆಯ ಸುದ್ದಿಯೂ ಹೀಗೆಯೇ. 2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ 100 ರೂಪಾಯಿ ದಾಟಿದ್ದು ನಿಜ. ಅದನ್ನೋದಿ ಸಸಿ ನಾಟಿ ಮಾಡಿದವರಿಗೆ ಹಣ್ಣು ಕೈಗೆ ಬರಲು ಎರಡು ತಿಂಗಳಾದರೂ ಬೇಕು. ಸೆಪ್ಟೆಂಬರಿಗೆ ಬೆಲೆ ನೆಲಕಚ್ಚಿತ್ತು. ಪತ್ರಿಕೆ ಹೇಳುವುದು ನಿನ್ನೆಯ ಬೆಲೆ.

ಆದ್ದರಿಂದ ಪತ್ರಿಕೆ ಓದಬೇಡಿರೆಂದು ನಾನು ಹೇಳುತ್ತಿಲ್ಲ. ಆಕಾಶವಾಣಿ, ದೂರದರ್ಶನ ಬಿಡಿರೆಂದೂ ಅಲ್ಲ. ಯಾವ ಊರಿನ ಮಾತು, ಎಷ್ಟು ದಿನದ ಮಾತು, ಹೇಳಿದವರು ಯಾರು ಎಂದು ನೋಡಿಕೊಳ್ಳಿ. ಬಿತ್ತನೆಗೆ ಮುನ್ನ, ಮಂಗಳವಾರ ಮತ್ತು ಶುಕ್ರವಾರ ಹೊರಡುವ ಹವಾಮಾನ ಆಧಾರಿತ ಕೃಷಿ ಸಲಹೆಯನ್ನು ತರಿಸಿಕೊಳ್ಳಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿದೆ. ಅದರ 'ವರುಣ ಮಿತ್ರ'ಕ್ಕೆ ಫೋನು ಮಾಡಿ ಕೇಳಬಹುದು. ಅದೂ ಕೆಲವೇ ದಿನಗಳ ಮುನ್ಸೂಚನೆ ಎಂಬುದು ನೆನಪಿರಲಿ. ಮಣ್ಣಿನ ಹದವನ್ನಂತೂ ತಾವೇ ಅಗೆದು ನೋಡಬೇಕು.

ಆ ರೈತರು 2024ರಲ್ಲಿ ಗುತ್ತಿಗೆಗೆ ಹಿಡಿಯಲಿಲ್ಲ. ಸ್ವಂತ ಹೊಲಕ್ಕೆ ಬಿತ್ತುವ ಮೊದಲು ಫೋನು ಮಾಡಿ ಕೇಳಿದರಂತೆ. ಹಿಂದಿನ ಸಾಲ ಮಾತ್ರ ಇನ್ನೂ ತೀರಿಲ್ಲ.