ಕೋವಿಯ ಪರವಾನಗಿ: ಹಕ್ಕೇ, ಹೊಣೆಯೇ?

(ಚನ್ನಗಿರಿ ತಾಲೂಕಿನ ನಲ್ಲೂರಿನಲ್ಲಿ ಜರುಗಿದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಅಡಿಕೆ ತೋಟ, ಮೆಕ್ಕೆಜೋಳದ ಹೊಲಗಳ ನಡುವೆ ಬದುಕುವ ಈ ಸೀಮೆಯ ಜನರಿಗೆ ಕೋವಿ ಅಪರಿಚಿತ ವಸ್ತುವಲ್ಲ. ಆದರೆ ಕೋವಿಯ ಕಾನೂನು ಮಾತ್ರ ನಮಗೆ ಅಪರಿಚಿತ. ಕೆಲವರಿಗೆ ಪರವಾನಗಿ ಎಂದರೆ ಅಂತಸ್ತಿನ ಗುರುತು. ಇನ್ನು ಕೆಲವರಿಗೆ ಅದು ನಮ್ಮಂಥವರಿಗೆ ಎಂದೂ ದಕ್ಕದ ಸೌಲಭ್ಯ. ಈ ಎರಡು ತಪ್ಪು ತಿಳಿವಳಿಕೆಗಳ ನಡುವೆ ನಿಜಸಂಗತಿ ಮರೆಯಾಗಿದೆ. ಅದರ ಪರಿಣಾಮವಾಗಿ ನಿರಪರಾಧಿಗಳಾದ ಮನೆಮಂದಿ ಅರಿವಿಲ್ಲದೆಯೇ ಅಪರಾಧಿಗಳ ಸಾಲಿನಲ್ಲಿ ನಿಲ್ಲಬೇಕಾದೀತು. ಆದ್ದರಿಂದ ಈ ವಿಷಯವನ್ನು ಬಿಡಿಸಿ ಹೇಳುವುದು ಅಗತ್ಯ.

ಮೊದಲು ಇತಿಹಾಸದತ್ತ ಒಂದು ನೋಟ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯಿದೆಯನ್ನು ಹೇರಿದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಊರಿಗೆ ಬೆಂಕಿ ಬಿತ್ತು, ಅನೇಕರು ಪ್ರಾಣ ತೆತ್ತರು, ಸೆರೆ ಸಿಕ್ಕವರಲ್ಲಿ 19 ಮಂದಿಯನ್ನು ಆ ವರ್ಷದ ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಲಾಯಿತು. ಅತ್ತ ಕೊಡಗಿನ ಜನರಿಗೆ 1861ರಲ್ಲಿ ಅದೇ ಸರಕಾರ ಆ ಕಾಯಿದೆಯಿಂದ ವಿನಾಯಿತಿ ನೀಡಿತು. ಲಾರ್ಡ್ ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯಿದೆಯಂತೂ ಭಾರತೀಯನಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ ಐರೋಪ್ಯನಿಗೆ ವಿನಾಯಿತಿ ಕೊಟ್ಟಿತು. ಯಾರ ಕೈಯಲ್ಲಿ ಕೋವಿ ಇರಬೇಕೆಂಬುದನ್ನು ಅಂದು ನಿರ್ಧರಿಸಿದ್ದು ಮನುಷ್ಯನ ನಡತೆಯಲ್ಲ, ಆತನ ಚರ್ಮದ ಬಣ್ಣ ಮತ್ತು ಸರಕಾರದ ಮೇಲಿನ ನಿಷ್ಠೆ.

ಈ ಅವಮಾನವನ್ನು ಕಂಡಿದ್ದ ರಾಷ್ಟ್ರೀಯ ಚಳವಳಿಯು 1931ರ ಕರಾಚಿ ಅಧಿವೇಶನದ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಪ್ರಜೆಗಳ ಹಕ್ಕುಗಳ ಪಟ್ಟಿಗೆ ಸೇರಿಸಿತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅವರು ಅದನ್ನು ಮೂಲಭೂತ ಹಕ್ಕಾಗಿ ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಭೇದವಿಲ್ಲದೆ ಎಲ್ಲರಿಗೂ ಈ ಹಕ್ಕು ಕೊಟ್ಟರೆ ದರೋಡೆಕೋರನಿಗೂ ಕೊಟ್ಟಂತಾಗುತ್ತದೆ ಎಂಬುದು ಅವರ ವಾದದ ಸಾರ. ತಿದ್ದುಪಡಿ ಬಿದ್ದುಹೋಯಿತು. ಇಂದು ನಮ್ಮ ಸಂವಿಧಾನದ 19ನೇ ವಿಧಿ ಸಭೆ ಸೇರುವ ಹಕ್ಕನ್ನು ಕೊಡುವಾಗಲೂ ಶಾಂತಿಯುತವಾಗಿ, ನಿರಾಯುಧರಾಗಿ ಎಂಬ ಷರತ್ತನ್ನು ಇಟ್ಟಿದೆ. ಅಮೆರಿಕದ ಸಂವಿಧಾನದಲ್ಲಿರುವಂತಹ ಆಯುಧದ ಮೂಲಭೂತ ಹಕ್ಕು ನಮ್ಮಲ್ಲಿಲ್ಲ ಎಂಬುದನ್ನು ಸುಪ್ರೀಂ ಕೋರ್ಟು 2023ರಲ್ಲಿಯೂ ನೆನಪಿಸಿದೆ.

ಹಾಗಾದರೆ ಸ್ವತಂತ್ರ ಭಾರತದ ಕಾನೂನು ಕೇಳುವುದೇನು? 1959ರ ಶಸ್ತ್ರಾಸ್ತ್ರ ಕಾಯಿದೆಯೂ 2016ರ ನಿಯಮಗಳೂ ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಮುಂದಿಡುತ್ತವೆ: ನಿನ್ನ ಅಗತ್ಯವೇನು? ನಿನ್ನ ನಡತೆ ಎಂಥದು? ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ಸೆರೆಮನೆ ಶಿಕ್ಷೆಗೆ ಗುರಿಯಾದವನು ಶಿಕ್ಷೆ ಮುಗಿದ ಮೇಲೂ ಐದು ವರ್ಷ ಅನರ್ಹ. ಶಾಂತಿಪಾಲನೆ ಅಥವಾ ಸನ್ನಡತೆಗಾಗಿ ಮುಚ್ಚಳಿಕೆ ಬರೆದುಕೊಡಲು ಆದೇಶಿಸಲ್ಪಟ್ಟವನು ಆ ಅವಧಿ ಮುಗಿಯುವವರೆಗೆ ಅನರ್ಹ. ಬೀದಿ ಜಗಳದಲ್ಲಿ ಸಿಲುಕಿ ಅಂಥ ಆದೇಶಕ್ಕೆ ಒಳಗಾಗುವ ಯುವಕರು ಅದನ್ನು ಬರಿಯ ಕಾಗದವೆಂದು ಭಾವಿಸಬಾರದು. ಮನಸ್ಸಿನ ಸ್ಥಿಮಿತ ಇಲ್ಲದವರಿಗೆ ಪರವಾನಗಿ ಕೊಡುವಂತಿಲ್ಲ. ಕೋವಿಯನ್ನು ಸುರಕ್ಷಿತವಾಗಿ ಬಳಸುವ, ಭದ್ರವಾಗಿ ಇಡುವ ವ್ಯವಸ್ಥೆಯನ್ನೂ ನಿಯಮಗಳು ಕೇಳುತ್ತವೆ.

ಈ ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನೂ ಗಮನಿಸಿರಿ. ಇದರಲ್ಲಿ ಧರ್ಮವಿಲ್ಲ, ಜಾತಿಯಿಲ್ಲ. ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲ ಎಂದು ಕಾಯಿದೆಯ 14ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಅರ್ಜಿಯು ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಯವರ ಮುಂದೆ ಹೋಗುತ್ತದೆ. ಪೊಲೀಸ್ ವರದಿಗೆ 30 ದಿನ, ವರದಿ ಬಂದ ಮೇಲೆ ತೀರ್ಮಾನಕ್ಕೆ 60 ದಿನ ಎಂದು ನಿಯಮಗಳು ಗಡುವು ಹಾಕಿವೆ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಸಾರ್ವಜನಿಕ ಹಿತಕ್ಕೆ ಬಾಧಕವೆಂದು ಕಂಡ ಸಂದರ್ಭದ ಹೊರತು ಕೇಳಿದ ಅರ್ಜಿದಾರನಿಗೆ ಅದನ್ನು ಕೊಡಬೇಕು. ಆ ಆದೇಶದ ವಿರುದ್ಧ ಮೇಲ್ಮನವಿಗೆ ಅವಕಾಶವಿದೆ. ನಮಗೆ ಹೇಗೂ ಕೊಡುವುದಿಲ್ಲ ಎಂದು ಗೊಣಗುತ್ತ ಕಳ್ಳದಾರಿಯಲ್ಲಿ ನಾಡಕೋವಿ ಕೊಳ್ಳುವವನಿಗೂ, ಅರ್ಜಿ ಬರೆದು, ಹಿಂಬರಹ ಪಡೆದು, ಮೇಲ್ಮನವಿ ಹಾಕುವವನಿಗೂ ಇರುವ ಅಂತರವೇ ಅಪರಾಧಿಗೂ ಪ್ರಜೆಗೂ ಇರುವ ಅಂತರ.

ಕೊಡಗಿನವರಿಗೆ ಇಂದಿಗೂ ವಿನಾಯಿತಿ ಇದೆಯಲ್ಲ, ಅದು ತಾರತಮ್ಯವಲ್ಲವೇ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಮುಂದೆ ಬಂದಿತ್ತು. ಕೇಂದ್ರ ಸರಕಾರವು 2019ರ ಅಕ್ಟೋಬರ್‌ನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ವಿನಾಯಿತಿ ಮುಂದುವರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆ ತೀರ್ಪಿನ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಅದು ಕಾಲಮಿತಿಯುಳ್ಳ ವಿನಾಯಿತಿ, ಷರತ್ತುಗಳಿಗೆ ಒಳಪಟ್ಟದ್ದು. ಆಕ್ಷೇಪವುಳ್ಳವರು ನ್ಯಾಯಾಲಯದ ಬಾಗಿಲು ತಟ್ಟಿದರು. ಅದೇ ಸರಿಯಾದ ದಾರಿ.

ಇನ್ನು ನಮ್ಮ ಸೀಮೆಯ ರೈತರ ವಿಷಯ. ಬೆಳೆ ರಕ್ಷಣೆಗಾಗಿ ಪರವಾನಗಿ ಕೊಡುವುದಕ್ಕೆ ಕಾಯಿದೆಯಲ್ಲಿಯೇ ಅವಕಾಶವಿದೆ. ಆದರೆ ಕೋವಿ ಇಟ್ಟುಕೊಳ್ಳುವ ಪರವಾನಗಿಯು ಪ್ರಾಣಿಯನ್ನು ಕೊಲ್ಲುವ ಪರವಾನಗಿಯಲ್ಲ. ಕಾಡುಹಂದಿ ಬೆಳೆ ತಿಂದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅರಣ್ಯ ಇಲಾಖೆಯ ಅಧಿಕಾರಿಯಿಂದ ಪ್ರತ್ಯೇಕ ಅನುಮತಿ ಬೇಕು. ಚುನಾವಣೆ ಬಂದಾಗ ಕೋವಿ ಠೇವಣಿ ಇಡಬೇಕಾಗುವ ತೊಂದರೆಯೂ ಇದೆ. ಸಾರಾಸಗಟಾಗಿ ಎಲ್ಲರಿಂದಲೂ ಪಡೆಯದೆ, ಜಿಲ್ಲಾ ಪರಿಶೀಲನಾ ಸಮಿತಿಯು ಪ್ರತಿಯೊಬ್ಬರ ವಿಷಯವನ್ನು ತೂಗಿ ನಿರ್ಧರಿಸಬೇಕೆಂಬುದು ಚುನಾವಣಾ ಆಯೋಗದ ನಿರ್ದೇಶನ. ವಿನಾಯಿತಿ ಬೇಕಾದವರು ಕಾರಣ ಸಹಿತ ಮನವಿ ಕೊಡಲಿ. ಠೇವಣಿ ಇಟ್ಟವರು ರಸೀದಿ ಪಡೆಯದೆ ಮರಳಬಾರದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಇದು ವಿಶೇಷವಾಗಿ ಸಹೋದರಿಯರಿಗೆ. ಮನೆಯ ಯಜಮಾನ ತೀರಿಕೊಂಡಾಗ ಜಮೀನಿನ ಖಾತೆ, ಬ್ಯಾಂಕಿನ ಪುಸ್ತಕ ಎಲ್ಲವನ್ನೂ ಹುಡುಕುತ್ತೇವೆ. ಅಟ್ಟದ ಮೇಲಿನ ಅಜ್ಜನ ಕೋವಿಯನ್ನು ಮಾತ್ರ ಮರೆಯುತ್ತೇವೆ. ಪರವಾನಗಿಯು ಆತನ ಹೆಸರಿನಲ್ಲಿತ್ತು. ಆತನ ಮರಣದ ನಂತರ ಆ ಕೋವಿಯನ್ನು ಮನೆಯಲ್ಲಿಟ್ಟುಕೊಳ್ಳಲು ಯಾರಿಗೂ ಅಧಿಕಾರವಿಲ್ಲ. ತಡಮಾಡದೆ ಅದನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ಬೇಕೆನಿಸಿದರೆ ವಾರಸುದಾರರು, ಮಗ ಮಾತ್ರವಲ್ಲ, ಪತ್ನಿಯೂ ಮಗಳೂ, ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಬೇಡವೆಂದರೆ ಕಾನೂನುಬದ್ಧವಾಗಿ ಮಾರಬಹುದು. ಯಜಮಾನನಿಗೆ 70 ವರ್ಷವಾದರೆ ಅಥವಾ ಕೋವಿ ಆತನ ಬಳಿ 25 ವರ್ಷ ಇದ್ದರೆ ಜೀವಂತವಿರುವಾಗಲೇ ವರ್ಗಾವಣೆಗೆ ಅವಕಾಶವಿದೆ. ಪರವಾನಗಿಯಿಲ್ಲದ ಕೋವಿ ಮನೆಯಲ್ಲಿ ಸಿಕ್ಕರೆ 2019ರ ತಿದ್ದುಪಡಿಯ ಬಳಿಕ ಶಿಕ್ಷೆ ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸೆರೆ ಮತ್ತು ದಂಡ. ಅಜ್ಜನ ನೆನಪು ಮೊಮ್ಮಗನ ಕೈಗೆ ಬೇಡಿಯಾಗಬೇಕೇ?

ಅದೇ ತಿದ್ದುಪಡಿಯು ಒಬ್ಬರು ಹೊಂದಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪರವಾನಗಿ ಇದೆ ಎಂಬುದು ಇಲ್ಲಿ ರಕ್ಷಣೆಯಾಗದು. ಸಾರ್ವಜನಿಕ ಸ್ಥಳದಲ್ಲಿ ಕೋವಿ ಝಳಪಿಸುವುದನ್ನೂ ನಿಯಮಗಳು ನಿಷೇಧಿಸಿವೆ. ಗೆಳೆಯನ ಕೋವಿ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆಸಿ ಹರಿಯಬಿಡುವ ಹುಡುಗರಿಗೆ ಹೆತ್ತವರು ಇದನ್ನು ತಿಳಿಸಲಿ. ಆ ಚಿತ್ರವೇ ಅವರ ವಿರುದ್ಧದ ಸಾಕ್ಷಿಯಾದೀತು, ಗೆಳೆಯನ ಪರವಾನಗಿಯೂ ರದ್ದಾದೀತು.

ಕೋವಿ ಮನೆಗೆ ಬಂದರೆ ಭಯ ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಆದರೆ ಸಿಟ್ಟಿನ ಒಂದು ಗಳಿಗೆ, ಮಗುವಿನ ಒಂದು ಆಟ, ಬೇಸರದ ಒಂದು ರಾತ್ರಿ ಸಾಕು, ಕಾವಲಿಗೆಂದು ತಂದ ಆಯುಧ ಮನೆಯವರ ಮೇಲೆಯೇ ತಿರುಗಲು. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು, 2015ರ ಆಗಸ್ಟ್ 30ರಂದು ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದವರ ಕೈಯಲ್ಲಿ ಇದ್ದದ್ದು ನಾಡಪಿಸ್ತೂಲು. ಈ ನಾಡು ಬೇಡಬೇಕಾದದ್ದು ಇನ್ನಷ್ಟು ಕೋವಿಗಳನ್ನಲ್ಲ, ಕಳ್ಳಕೋವಿಗಳ ಕಾರ್ಖಾನೆ ಮುಚ್ಚಿಸುವ ಮತ್ತು ಎಲ್ಲರನ್ನೂ ಒಂದೇ ಅಳತೆಗೋಲಿನಿಂದ ಅಳೆಯುವ ಆಡಳಿತವನ್ನು.

ಪರವಾನಗಿ ಎಂಬುದು ಸರಕಾರದ ಮೂಲಕ ಇಡೀ ಸಮಾಜ ನಮ್ಮ ಕೈಗೆ ಒಪ್ಪಿಸುವ ಅಮಾನತು. ನಿಜವಾದ ಅಗತ್ಯವಿದ್ದವರು ನೇರವಾಗಿ ಕೇಳಲಿ, ಅನ್ಯಾಯವಾದರೆ ಬರಹದಲ್ಲಿ ಪ್ರಶ್ನಿಸಲಿ. ಅಗತ್ಯವಿಲ್ಲದವರು ಆ ಹೊರೆಯನ್ನು ಮನೆಗೆ ತಾರದಿರಲಿ. ಇಂದು ಮನೆಗೆ ಹೋದೊಡನೆ ಅಟ್ಟವನ್ನೊಮ್ಮೆ ನೋಡಿರಿ. ಹಳೆಯ ಕೋವಿಯಿದ್ದರೆ ಅದರ ಕಾಗದ ಯಾರ ಹೆಸರಿನಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಓದಿರಿ. ಅವಧಿ ಮೀರಿದ್ದರೆ, ಹೆಸರಿನವರು ಈಗ ಇಲ್ಲವಾಗಿದ್ದರೆ, ತಡಮಾಡದೆ ವಕೀಲರೊಬ್ಬರ ಸಲಹೆ ಪಡೆದು ಠಾಣೆಗೆ ಬರಹದಲ್ಲಿ ತಿಳಿಸಿರಿ.