ಐದನೇ ತರಗತಿಯ ಬಾಗಿಲು

(ಹಾನಗಲ್‌ನಲ್ಲಿ ಜರುಗಿದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮಕ್ಕಳಿಗೆ ಯಾವ ಶಾಲೆಯನ್ನು ಆರಿಸಬೇಕು ಎಂಬುದು ಇಂದಿನ ವಿಷಯ. ಇದರ ಬಗ್ಗೆ ಮಾತನಾಡಲು ನನಗೆ ಪದವಿಗಿಂತ ಹೆಚ್ಚಿನ ಅರ್ಹತೆಯನ್ನು ಒದಗಿಸಿದ್ದು ನನ್ನ ಮನೆಯ ಒಂದು ಘಟನೆ. ನನ್ನ ಆಪಾ ನಮ್ಮೆಲ್ಲರಿಗಿಂತ ಚುರುಕಾಗಿದ್ದಳು. ಓಣಿಯ ಉರ್ದು ಶಾಲೆಯಲ್ಲಿ ಏಳನೇ ತರಗತಿಯವರೆಗೂ ಮೊದಲ ಸ್ಥಾನ ಅವಳದೇ. ಅಲ್ಲಿಗೆ ಆ ಶಾಲೆ ಮುಗಿಯುತ್ತಿತ್ತು. ಮುಂದಿದ್ದುದು ಕನ್ನಡ ಮಾಧ್ಯಮದ ಹೈಸ್ಕೂಲು. ಅವಳಿಗೆ ಕನ್ನಡ ಓದಲು ಬರುತ್ತಿತ್ತೇ ಹೊರತು ಆ ಭಾಷೆಯಲ್ಲಿ ವಿಜ್ಞಾನವನ್ನೂ ಸಮಾಜವನ್ನೂ ಬರೆಯುವಷ್ಟು ಬಲ ಇರಲಿಲ್ಲ. ಮೂರು ತಿಂಗಳು ಹೋದಳು, ಬಳಿಕ ಹೊಲಿಗೆ ಯಂತ್ರದ ಮುಂದೆ ಕುಳಿತಳು. ಅಂದು ಅಬ್ಬಾ ಅವಳನ್ನು ತಡೆಯಲಿಲ್ಲ, ಕಳುಹಿಸಲೂ ಇಲ್ಲ. ಬೇರೆ ಯಾವ ದಾರಿಗಳಿವೆ ಎಂದು ಅವರಿಗೆ ಹೇಳುವವರೇ ಇರಲಿಲ್ಲ. ನನ್ನನ್ನು ಮದ್ರಸಕ್ಕೆ ಸೇರಿಸಿದರು. ನಾನು ಆ ಬಳಿಕ ಬಿ.ಎ. ಮಾಡಿಕೊಂಡೆ. ಆಪಾಳಿಗೆ ಎರಡನೇ ಅವಕಾಶ ಸಿಗಲಿಲ್ಲ.

ಇದು ನಮ್ಮೊಬ್ಬರ ಮನೆಯ ಕತೆಯಲ್ಲ. 2006ರ ನವೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಸಾಚಾರ್ ಸಮಿತಿಯ ವರದಿಯನ್ನು ನೆನಪಿಸಿಕೊಳ್ಳಿ. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲು ಹತ್ತಿಲ್ಲ, ಇಲ್ಲವೇ ನಡುವೆಯೇ ಬಿಟ್ಟಿದ್ದಾರೆ ಎಂದು ಅದು ಹೇಳಿತು. ಮದ್ರಸದಲ್ಲಿ ಓದುತ್ತಿರುವವರು ಶಾಲಾ ವಯಸ್ಸಿನ ಮಕ್ಕಳಲ್ಲಿ ಕೇವಲ ಶೇ. 3ರಷ್ಟು ಎಂಬುದನ್ನೂ ಅದೇ ವರದಿ ದಾಖಲಿಸಿತು. ಅಂದರೆ ನಮ್ಮ ಮಕ್ಕಳನ್ನು ಮದ್ರಸ ನುಂಗಿತು ಎನ್ನುವವರ ಮಾತು ಸುಳ್ಳು. ನಮ್ಮ ಮಕ್ಕಳನ್ನು ಬೆಳೆಸಬೇಕಾದದ್ದು ಸಾಮಾನ್ಯ ಶಾಲೆಗಳೇ. ಹಾಗಾದರೆ ಆ ಶಾಲೆಗಳನ್ನು ನಾವು ಎಷ್ಟು ತಿಳಿದಿದ್ದೇವೆ?

ಆಯ್ಕೆಯ ಹಕ್ಕು ನಮಗಿದೆ. 1994ರ ರಾಜ್ಯ ಸರಕಾರದ ಭಾಷಾ ನೀತಿಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2014ರ ಮೇ 6ರಂದು ತೀರ್ಪಿತ್ತು, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ, ಮಾಧ್ಯಮದ ಆಯ್ಕೆ ಮಗುವಿನ ಪರವಾಗಿ ಪೋಷಕರದ್ದು ಎಂದಿತು. ಆದರೆ ಹಕ್ಕು ಇದ್ದ ಮಾತ್ರಕ್ಕೆ ಆಯ್ಕೆ ಆಗುವುದಿಲ್ಲ. ಸವಣೂರಿನ ಎಲೆ ವ್ಯಾಪಾರಿ ಪ್ರತಿ ಎಲೆಯನ್ನೂ ಬೆರಳಿನಿಂದ ಮುಟ್ಟಿ ನೋಡಿ ಕಟ್ಟು ಕಟ್ಟುತ್ತಾನೆ. ಅದೇ ವ್ಯಾಪಾರಿ ಮಗನ ಶಾಲೆಯನ್ನು ಆರಿಸುವಾಗ ಪಕ್ಕದ ಮನೆಯವರ ಮಾತನ್ನಷ್ಟೇ ಕೇಳುತ್ತಾನೆ.

ಸಹೋದರರೇ, ಸರಕಾರಿ ವ್ಯವಸ್ಥೆಯೊಳಗೇ ಇರುವ ವಿಶೇಷ ಶಾಲೆಗಳ ಬಾಗಿಲು ಬಹುಮಟ್ಟಿಗೆ ಒಂದೇ ಕಡೆ ತೆರೆಯುತ್ತದೆ. ಅದು ಐದನೇ ತರಗತಿ. ಆ ವರ್ಷ ಅರ್ಜಿ ಹಾಕದವನಿಗೆ ಆರನೇ ತರಗತಿಯಲ್ಲಿ ಆ ದಾರಿಗಳು ಇರುವುದಿಲ್ಲ.

ಮೊದಲನೆಯದು ಜವಾಹರ ನವೋದಯ ವಿದ್ಯಾಲಯ. ಐದನೇ ತರಗತಿಯಲ್ಲಿರುವಾಗ ಪರೀಕ್ಷೆ ಬರೆಯಬೇಕು. ಒಮ್ಮೆ ಬರೆದವರಿಗೆ ಮತ್ತೊಮ್ಮೆ ಅವಕಾಶವಿಲ್ಲ. ಶೇ. 75ರಷ್ಟು ಸೀಟುಗಳು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹುಡುಗಿಯರಿಗೆ. ಎರಡನೆಯದು ಆದರ್ಶ ವಿದ್ಯಾಲಯ. ಶೈಕ್ಷಣಿಕವಾಗಿ ಹಿಂದುಳಿದ ಬ್ಲಾಕುಗಳಿಗಾಗಿ ರಾಜ್ಯದಲ್ಲಿ 74 ಇಂತಹ ಶಾಲೆಗಳನ್ನು ತೆರೆಯಲಾಯಿತು. ಇಲ್ಲಿ ಪ್ರವೇಶ ಪರೀಕ್ಷೆ ಬರೆದು ಆರನೇ ತರಗತಿಗೆ ಸೇರಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಸಂಜೆ ಮನೆಗೆ ಮರಳಬಹುದು. ಮೂರನೆಯದು ಮೊರಾರ್ಜಿ ದೇಸಾಯಿ ವಸತಿ ಶಾಲೆ. ಊಟ, ವಸತಿ, ಪುಸ್ತಕ ಎಲ್ಲವೂ ಉಚಿತ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ನಡೆಸುವ ಮೊರಾರ್ಜಿ ಶಾಲೆಗಳಲ್ಲಿ ಹೆಚ್ಚಿನ ಸೀಟುಗಳು ಅಲ್ಪಸಂಖ್ಯಾತ ಮಕ್ಕಳಿಗೇ ಮೀಸಲು. ನಾಲ್ಕನೆಯದು ಅದೇ ಇಲಾಖೆ 2017-18ರಲ್ಲಿ ಆರಂಭಿಸಿದ ಮೌಲಾನಾ ಆಝಾದ್ ಮಾದರಿ ಶಾಲೆ. ಇದೂ ಆರನೇ ತರಗತಿಯಿಂದ, ಇಂಗ್ಲಿಷ್ ಮಾಧ್ಯಮದಲ್ಲಿ.

ಮನೆಯ ಹತ್ತಿರದ ಸರಕಾರಿ ಶಾಲೆಯಲ್ಲೇ ಉಳಿಯುವ ಮಗುವಿಗೂ ಒಂದು ಬಾಗಿಲಿದೆ. ಎಂಟನೇ ತರಗತಿಯಲ್ಲಿ ನಡೆಯುವ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಇದು ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ. ಖಾಸಗಿ ಶಾಲೆಯ ಹಾಗೂ ಸರಕಾರಿ ವಸತಿ ಶಾಲೆಯ ಮಕ್ಕಳಿಗೆ ಇಲ್ಲ.

ಇನ್ನು ಖಾಸಗಿ ಶಾಲೆ. ಶಿಕ್ಷಣ ಹಕ್ಕು ಕಾಯ್ದೆಯ ಶೇ. 25ರ ಸೀಟು ಸಿಗುತ್ತದೆ ಎಂದು ನಮ್ಮಲ್ಲಿ ಅನೇಕರು ಈಗಲೂ ನಂಬಿದ್ದಾರೆ. 2019ರಲ್ಲಿ ರಾಜ್ಯದ ನಿಯಮ ಬದಲಾಯಿತು. ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಕೇಳಲಾಗದು ಎಂದಾಯಿತು. ಪಟ್ಟಣವಾಸಿಗಳಾದ ನಮಗೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಆಗ ಉಳಿಯುವುದು ಸಾಲ. ಬಂಗಾರ ಒತ್ತೆಯಿಟ್ಟು ಶುಲ್ಕ ಕಟ್ಟಿ, ನಾಲ್ಕನೇ ವರ್ಷಕ್ಕೆ ಕಟ್ಟಲಾರದೆ ಮಗುವನ್ನು ಬಿಡಿಸಿಕೊಂಡ ಮನೆಗಳು ನಿಮ್ಮ ಓಣಿಯಲ್ಲಿಲ್ಲವೇ? ಟೈ ಮತ್ತು ಬೂಟುಗಳನ್ನು ನೋಡಿ ಶಾಲೆ ಆರಿಸಬೇಡಿ. ಕಲಿಸುವವರು ಯಾರು, ಅವರ ವಿದ್ಯಾರ್ಹತೆ ಏನು, ಹತ್ತನೇ ತರಗತಿಯವರೆಗೆ ಆ ಶುಲ್ಕ ಕಟ್ಟಲು ನಮ್ಮಿಂದ ಸಾಧ್ಯವೇ ಎಂದು ಕೇಳಿ.

ಉರ್ದು ಶಾಲೆಗಳನ್ನು ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ಮನೆಯ ಮಾತಿನಲ್ಲಿ ಅಕ್ಷರ ಕಲಿಯುವ ಮಗು ಬೇಗ ಕಲಿಯುತ್ತದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ಸಂವಿಧಾನದ 350ಎ ವಿಧಿಯೇ ಸೂಚಿಸುತ್ತದೆ. ಆದರೆ ಉರ್ದು ಶಾಲೆಯ ಮಗುವಿಗೆ ಐದನೇ ತರಗತಿಯ ಹೊತ್ತಿಗೆ ಕನ್ನಡ ಸರಾಗವಾಗಿ ಬರಬೇಕು. ನನ್ನ ಆಪಾ ಸೋತದ್ದು ಉರ್ದುವಿನಿಂದಲ್ಲ, ಕನ್ನಡದ ಕೊರತೆಯಿಂದ.

ಸವಣೂರಿನವರು ಒಂದು ಸಂಗತಿಯನ್ನು ಮರೆಯಬಾರದು. ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, 1909ರಲ್ಲಿ. ಓದಿದ್ದು ಅಲ್ಲಿಯ ಮಜೀದ್ ಹೈಸ್ಕೂಲಿನಲ್ಲಿ. ಅವರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ಕನ್ನಡಕ್ಕೆ ಶಾಲೆಗಳಲ್ಲಿ ಪ್ರಥಮ ಸ್ಥಾನ ನೀಡಬೇಕೆಂದಾಗ ಉರ್ದು ಭಾಷಿಕರು ಆತಂಕಗೊಂಡು ವಿರೋಧಿಸಿದರು. ಆ ಆತಂಕಕ್ಕೆ ಕಾರಣಗಳಿದ್ದವು. ಆದರೆ ನವಾಬರ ಊರಿನ ಶಾಲೆಯೊಂದು ಒಬ್ಬ ಕನ್ನಡ ಕವಿಯನ್ನು ರೂಪಿಸಿತಲ್ಲವೇ? ಭಾಷೆಗಳು ಒಂದೇ ಶಾಲೆಯ ಅಂಗಳದಲ್ಲಿ ಬಾಳಬಲ್ಲವು ಎನ್ನಲು ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ಕೆಲವು ತಾಯಂದಿರು ಕೇಳುತ್ತಾರೆ: ವಸತಿ ಶಾಲೆಗೆ ಕಳುಹಿಸಿದರೆ ದೀನ್ ಉಳಿದೀತೇ? ನಮ್ಮವರಲ್ಲದ ಶಿಕ್ಷಕರು ಕಲಿಸಿದರೆ ಹೇಗೆ? ಬದ್ರ್ ಯುದ್ಧದ ಕೈದಿಗಳಲ್ಲಿ ಅಕ್ಷರ ಬಲ್ಲವರು ಮದೀನಾದ ಹತ್ತು ಹತ್ತು ಮಕ್ಕಳಿಗೆ ಓದು ಬರಹ ಕಲಿಸಿದರೆ ಅದನ್ನೇ ಬಿಡುಗಡೆಯ ಬೆಲೆಯಾಗಿ ಪ್ರವಾದಿ(ಸ)ಯವರು ಒಪ್ಪಿದರೆಂದು ಚರಿತ್ರೆ ಹೇಳುತ್ತದೆ. ನಿನ್ನೆ ಖಡ್ಗ ಹಿಡಿದು ಎದುರು ನಿಂತವರು ಇಂದು ಉಸ್ತಾದರಾದರು. ನಮ್ಮ ಊರಿನ ಗುರುಗಳು ನಮ್ಮ ಶತ್ರುಗಳಲ್ಲ. ಅವರೊಡನೆ ತಿಂಗಳಿಗೊಮ್ಮೆ ಮಾತನಾಡಿದ ತಂದೆ ಎಷ್ಟು ಮಂದಿ?

ಹೆಣ್ಣುಮಕ್ಕಳ ವಿಷಯದಲ್ಲಿ ಸರಕಾರದ ಹೊಣೆಯನ್ನೂ ಹೇಳಲೇಬೇಕು. 2022ರ ಫೆಬ್ರವರಿ 5ರ ಸಮವಸ್ತ್ರದ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು ಇವೆಲ್ಲವುಗಳ ನಡುವೆ ಅನೇಕ ಹುಡುಗಿಯರು ಕಾಲೇಜು ಬದಲಿಸಿದರು, ಕೆಲವರು ಓದನ್ನೇ ಬಿಟ್ಟರು. ಬಾಗಿಲಲ್ಲಿ ನಿಲ್ಲಿಸಲ್ಪಟ್ಟ ಹುಡುಗಿಗೆ ಆಯ್ಕೆಯ ಹಕ್ಕು ಎಂಬ ಮಾತು ಬರಿದೇ. ಅದನ್ನು ಪ್ರಶ್ನಿಸೋಣ. ಆದರೆ ಆ ಅನ್ಯಾಯವನ್ನು ನೆಪ ಮಾಡಿಕೊಂಡು ನಾವೇ ಮಗಳನ್ನು ಮನೆಯಲ್ಲಿ ಕೂರಿಸಿದರೆ ಎರಡನೇ ಅನ್ಯಾಯ ನಮ್ಮದು.

ಇದೇ ಹಾನಗಲ್ ತಾಲೂಕಿನಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ದೃಷ್ಟಿ ಇರಲಿಲ್ಲ. ಹಾನಗಲ್ ಕುಮಾರಸ್ವಾಮಿಗಳು ಆ ಬಾಲಕನ ಕಂಠವನ್ನು ಗುರುತಿಸಿ ಸಂಗೀತಕ್ಕೆ ಹಚ್ಚಿದರು. ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳ ಪಾಲಿನ ವಿದ್ಯಾಲಯವಾಯಿತು. ಮಗುವಿನಲ್ಲಿ ಇಲ್ಲದ್ದನ್ನು ಎಣಿಸದೆ ಇರುವುದನ್ನು ನೋಡಿ ದಾರಿ ಆರಿಸಿದ್ದರ ಫಲ ಅದು. ನಿಮ್ಮ ಒಬ್ಬ ಮಗ ಲೆಕ್ಕದಲ್ಲಿ ಚುರುಕಿರಬಹುದು, ಇನ್ನೊಬ್ಬನ ಕೈ ಗ್ಯಾರೇಜಿನಲ್ಲಿ ಮಾತನಾಡಬಹುದು. ಮೊದಲನೆಯವನಿಗೆ ನವೋದಯ, ಎರಡನೆಯವನಿಗೆ ಹತ್ತನೇ ತರಗತಿಯ ಬಳಿಕ ಐ.ಟಿ.ಐ. ಅಥವಾ ಪಾಲಿಟೆಕ್ನಿಕ್. ಎರಡೂ ಗೌರವದ ದಾರಿಗಳೇ.

ಕೊನೆಯದಾಗಿ, ಜಮಾಅತ್‌ಗಳಲ್ಲಿ ನನ್ನ ವಿನಂತಿ. ನಾಲ್ಕನೇ ತರಗತಿಯಲ್ಲಿರುವ ನಮ್ಮ ಮಕ್ಕಳ ಪಟ್ಟಿಯನ್ನು ಪ್ರತಿ ಮಸೀದಿ ಸಿದ್ಧಪಡಿಸಲಿ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇದ್ದರೆ ಆ ವರ್ಷವೇ ಸರಿಪಡಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಪಡೆಯಿರಿ. ಅರ್ಜಿಯ ದಿನಾಂಕಗಳನ್ನು ಜುಮಾದ ಬಳಿಕ ಹೇಳಿಸಿ; ಆ ಸುದ್ದಿ ಮನೆಯ ತಾಯಂದಿರಿಗೂ ತಲುಪಲಿ. ಓದಿದ ಯುವಕ ಯುವತಿಯರು ಸಂಜೆ ಒಂದು ತಾಸು ಐದನೇ ತರಗತಿಯ ಮಕ್ಕಳಿಗೆ ಗಣಿತ ಮತ್ತು ಕನ್ನಡ ಹೇಳಿಕೊಡಲಿ. 2001ರಿಂದಲೇ ಸರಕಾರಿ ಶಾಲೆಗಳಲ್ಲಿ ಎಸ್.ಡಿ.ಎಂ.ಸಿ. ಇದೆ. ಅದರಲ್ಲಿ ಪೋಷಕರಾಗಿ ಕುಳಿತು ಖಾಲಿ ಹುದ್ದೆ, ಶೌಚಾಲಯ, ಕನ್ನಡ ಶಿಕ್ಷಕರ ಬಗ್ಗೆ ಕೇಳಿ. ವಿಶೇಷ ಶಾಲೆಗೆ ಹೋಗುವವರು ಕೆಲವರೇ. ಉಳಿದವರೆಲ್ಲರ ಬದುಕು ಓಣಿಯ ಶಾಲೆಯಲ್ಲಿದೆ.

ಈ ವರ್ಷ ಆಪಾಳ ಮಗಳು ಐದನೇ ತರಗತಿ. ಮೊನ್ನೆ ಅರ್ಜಿಯ ಕಾಗದಗಳನ್ನು ಜೋಡಿಸುವಾಗ ಆಪಾ ಹೊಲಿಗೆ ನಿಲ್ಲಿಸಿ ಕೇಳಿದಳು: "ಇದೆಲ್ಲ ಆಗಲೂ ಇತ್ತೇನೋ?" ಕೆಲವು ಇದ್ದವು. ನಮಗೆ ಗೊತ್ತಿರಲಿಲ್ಲ. ಆ ಉತ್ತರವನ್ನು ಅವಳಿಗೆ ಹೇಳಲು ನನ್ನಿಂದ ಆಗಲಿಲ್ಲ. ಇಲ್ಲಿ ನೆರೆದಿರುವ ಯಾವ ತಂದೆಗೂ, ಯಾವ ಅಣ್ಣನಿಗೂ ಹತ್ತು ವರ್ಷಗಳ ಬಳಿಕ ಆ ಪ್ರಶ್ನೆಯ ಮುಂದೆ ತಲೆತಗ್ಗಿಸುವ ಸ್ಥಿತಿ ಬಾರದಿರಲಿ. ಅಲ್ಲಾಹನು ನಮ್ಮ ಮಕ್ಕಳ ಜ್ಞಾನವನ್ನು ವೃದ್ಧಿಸಲಿ, ಆಮೀನ್. ವಸ್ಸಲಾಮ್.